ಹಗಲು ಎಬ್ಬಿಸಬೇಡಿ, ರಾತ್ರಿ ಲೈಟ್ ಆರಿಸಿ

ಮಗಳು ಸ್ಕೂಲಿಂದ ಬಂದ ಕೂಡಲೇ, ಸಂಜೆ 4ಕ್ಕೆ ಇಲಿಯಂಥ ಪುಟ್ಟ ಸಾಕುಪ್ರಾಣಿ ಹ್ಯಾಮ್‌ಸ್ಟರ್ ಎತ್ತಿಕೊಂಡರೆ ಕಚ್ಚುತ್ತದೆ, ರಾತ್ರಿಯಿಡೀ ಲೈಟ್ ಹಾಕಿಟ್ಟರೆ ಅಭ್ಯಾಸ ಬದಲಾಗುತ್ತದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಅದು ಹಗಲು ಮಲಗಿ ರಾತ್ರಿ ಎದ್ದಿರುವ ಪ್ರಾಣಿ, ನಿಮಗೆ ಸಂಜೆ 4 ಗಂಟೆ ಅಂದರೆ ಅದಕ್ಕೆ ನಡುರಾತ್ರಿ. ನಡುರಾತ್ರಿ ಯಾರಾದರೂ ಹೊದಿಕೆ ಎಳೆದರೆ ನಾವೂ ಸಿಡುಕುತ್ತೇವೆ, ಅಲ್ವಾ?

ಬೆಳಕು ಕತ್ತಲೆ ನೋಡಿಯೇ ಅದರ ದೇಹ ಗಂಟೆ ಲೆಕ್ಕ ಹಾಕುವುದು. ಹಗಲು ಮಾಮೂಲಿ ಬೆಳಕಿರಲಿ, ನೇರ ಬಿಸಿಲು ಬೇಡ. ರಾತ್ರಿ ಪೂರ್ತಿ ಕತ್ತಲೆ.

ಪಳಗಿಸುವುದನ್ನು ರಾತ್ರಿ 8ರ ಮೇಲೆ ಇಟ್ಟುಕೊಳ್ಳಿ. ಅದು ತಾನಾಗಿಯೇ ಎದ್ದು, ಮೈ ನೆಕ್ಕಿಕೊಂಡು, ಗೂಡಿನ ಆಟದ ಚಕ್ರದಲ್ಲಿ ಒಂದೆರಡು ಸುತ್ತು ಓಡಲಿ. ಮಂದ ಬೆಳಕು ಸಾಕು. ಅದರ ಕಣ್ಣು ಮಂಜು, ಮೂಗು ಚುರುಕು. ಹಾಗಾಗಿ ಕೈ ತೊಳೆದುಕೊಳ್ಳಿ, ತಿಂಡಿ ವಾಸನೆ ಇದ್ದರೆ ಬೆರಳನ್ನೇ ಕಚ್ಚುತ್ತದೆ. ಮೇಲಿಂದ ಹಿಡಿಯಬೇಡಿ, ಹದ್ದು ಎರಗಿದ ಹಾಗೆ ಬೆದರುತ್ತದೆ. ಅಂಗೈ ನೆಲಕ್ಕೆ ಚಾಚಿ, ಒಂದು ಸೂರ್ಯಕಾಂತಿ ಬೀಜ ಇಟ್ಟು ಸುಮ್ನೆ ಕೂತಿರಿ. ನಮ್ಮದು ಮೊದಲ ಐದು ದಿನ ಬೀಜ ಕಸಿದು ಕೆನ್ನೆಗೆ ತುರುಕಿಕೊಂಡು ಓಡುತ್ತಿತ್ತು. ಆರನೇ ದಿನ ಅಂಗೈ ಮೇಲೆಯೇ ಕೂತು ಸಿಪ್ಪೆ ಬಿಡಿಸಿತು!

ಮಗಳು ಬೇಗ ಮಲಗುವುದಾದರೆ ಸಂಜೆ ಬೀಜ ಹಾಕುವ ಕೆಲಸ ಅವಳದು, ಎತ್ತಿಕೊಳ್ಳುವುದು ಶನಿವಾರ ರಾತ್ರಿ.