ಮಗಳು ಹೇಳಿದ್ದನ್ನು ಮೇಡಂ ನಮಗೆ ಹೇಳಬೇಕಲ್ವಾ?

ತುಮಕೂರಿನ ತಾಯಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇದು: "ಮಗಳಿಗೆ ಹದಿನೇಳು ವರ್ಷ, ದ್ವಿತೀಯ ಪಿಯುಸಿ. ದಸರಾ ರಜೆಯ ನಂತರ ಮಾತು ಕಡಿಮೆ ಮಾಡಿದ್ದಾಳೆ, ಊಟವೂ ಅಷ್ಟಕ್ಕಷ್ಟೇ. ಅವಳಿಗೆ ಸೈಕಾಲಜಿ ಪಾಠ ಮಾಡುವ ಮೇಡಂ ಅವರೇ ಕಾಲೇಜಿನಲ್ಲಿ ಕೌನ್ಸೆಲಿಂಗ್ ಮಾಡುತ್ತಿದ್ದಾರೆ. ಏನು ಹೇಳಿದಳು ಎಂದು ಕೇಳಿದೆ. 'ಜೀವಕ್ಕೆ ಅಪಾಯ ಅನ್ನಿಸಿದರೆ ತಕ್ಷಣ ನಿಮಗೆ ಹೇಳುತ್ತೇನೆ. ಉಳಿದದ್ದನ್ನು ಅವಳೇ ಹೇಳಲಿ' ಎಂದರು. ಹೆತ್ತವಳಿಗಿಂತ ಅವರು ಹೆಚ್ಚಾ? ಪ್ರಿನ್ಸಿಪಾಲರಿಗೆ ದೂರು ಕೊಡಲೇ?"

ಸಂಪಾದಕರ ಉತ್ತರ: ನಮಸ್ಕಾರ ತಾಯಿ. ನಿಮ್ಮ ಸಂಕಟ ಅರ್ಥವಾಗುತ್ತದೆ. ಮಗು ಊಟ ಬಿಟ್ಟು ಕೂತರೆ ಯಾವ ತಾಯಿಗೆ ಸಮಾಧಾನ ಇರುತ್ತದೆ? ಆದರೂ ನೇರವಾಗಿ ಹೇಳುತ್ತೇನೆ, ಮೇಡಂ ಹೇಳದೆ ಇದ್ದದ್ದು ತಪ್ಪಲ್ಲ. ಆ ವಿಷಯಕ್ಕೆ ದೂರು ಕೊಡಬೇಡಿ.

ನಿಮ್ಮ ಮಗಳು ಈಗ ಒಂದು ಕಡೆಯಾದರೂ ಬಾಯಿಬಿಡುತ್ತಿದ್ದಾಳೆ. ಇಲ್ಲಿ ಆಡಿದ್ದು ಇಲ್ಲೇ ಇರುತ್ತದೆ ಎಂಬ ನಂಬಿಕೆಯಿಂದಲೇ ಅದು ಸಾಧ್ಯವಾಗಿದೆ. ಸಂಜೆಗೆ ಮನೆಯಲ್ಲಿ ಅದೇ ಮಾತು ಎದ್ದರೆ ಮರುದಿನದಿಂದ ಅವಳು ಆ ಕೋಣೆಯಲ್ಲೂ ಮಾತಾಡುವುದಿಲ್ಲ. ಆಗ ನಿಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.

ಹಾಗಂತ ಗುಟ್ಟಿಗೆ ಮಿತಿಯೇ ಇಲ್ಲ ಎಂದಲ್ಲ. ಈ ವೃತ್ತಿ ಆ ಪಾಠವನ್ನು ಬಹಳ ನೋವಿನಿಂದ ಕಲಿತಿದೆ. 1969ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ನಮ್ಮ ದೇಶದಿಂದ ಓದಲು ಹೋಗಿದ್ದ ಯುವಕನೊಬ್ಬ ತಾನು ಒಬ್ಬ ಹುಡುಗಿಯನ್ನು ಕೊಲ್ಲುವುದಾಗಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರ ಬಳಿ ಹೇಳಿದ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಅವನನ್ನು ಹಿಡಿದು, ವಿಚಾರಿಸಿ, ಬಿಟ್ಟುಬಿಟ್ಟರು. ಹುಡುಗಿಗಾಗಲಿ ಅವಳ ಮನೆಯವರಿಗಾಗಲಿ ಯಾರೂ ಒಂದು ಮಾತು ಹೇಳಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆ ಹುಡುಗಿ, ಟಟಿಯಾನಾ ಟಾರಾಸಾಫ್, ಅವನ ಕೈಯಲ್ಲೇ ಕೊಲೆಯಾದಳು. ಅಪಾಯದಲ್ಲಿರುವವರನ್ನು ಕಾಪಾಡುವ ಹೊಣೆ ಚಿಕಿತ್ಸಕರಿಗೂ ಇದೆ ಎಂದು 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಹೇಳಿತು. ಮೇಡಂ ನಿಮಗೆ ಹೇಳಿದ "ಜೀವಕ್ಕೆ ಅಪಾಯ ಅನ್ನಿಸಿದರೆ" ಎಂಬ ಮಾತಿನ ಹಿಂದೆ ಇಂಥ ಅನುಭವಗಳಿವೆ.

ನಮ್ಮ ಕಾನೂನೂ ಎರಡೂ ಕಡೆ ನೋಡುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ರೋಗಿಯ ವಿಷಯವನ್ನು ಗೋಪ್ಯವಾಗಿಡಿ ಎನ್ನುತ್ತದೆ. ಆದರೆ ಹದಿನೆಂಟು ತುಂಬದವರಿಗೆ ಪೋಷಕರೇ ಪ್ರತಿನಿಧಿ. ತಮ್ಮ ಹೊಣೆ ನಿಭಾಯಿಸಲು ಬೇಕಾದ ಮಾಹಿತಿಯನ್ನು ಅವರಿಗೆ ಕೊಡಬಹುದು. ಅದು ಚಿಕಿತ್ಸೆಗೆ ಸಂಬಂಧಿಸಿದ ಕಾಯ್ದೆ, ಕಾಲೇಜಿನ ಕೌನ್ಸೆಲಿಂಗ್ ಎಲ್ಲವೂ ಅದರೊಳಗೆ ಬರುವುದಿಲ್ಲ. ಆದರೂ ಅಳತೆಗೋಲು ಸರಿಯಾಗಿದೆ: ನೋಡಿಕೊಳ್ಳಲು ಎಷ್ಟು ಬೇಕೋ ಅಷ್ಟು. ರಾತ್ರಿ ಒಂಟಿಯಾಗಿ ಬಿಡಬೇಡಿ, ವೈದ್ಯರಿಗೆ ತೋರಿಸಿ ಎಂದು ಹೇಳುವುದು ಬೇಕಾದ ಮಾಹಿತಿ. ಅವಳು ಯಾರ ಬಗ್ಗೆ ಅತ್ತಳು ಎಂಬುದು ಅಲ್ಲ. ಇನ್ನು ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದರೆ ಮೇಡಂ ಸುಮ್ಮನಿರುವ ಹಾಗೇ ಇಲ್ಲ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ ಇದೆ. ಈ ಮಿತಿಗಳನ್ನೆಲ್ಲ ಮೊದಲ ದಿನವೇ ಮಗಳಿಗೂ ನಿಮಗೂ ಹೇಳಿರಬೇಕಿತ್ತು. ಹೇಳಿದ್ದರಾ, ಕೇಳಿ.

ಕಷ್ಟ ಬರುವುದು ಅಪಾಯ ಇದೆಯೋ ಇಲ್ಲವೋ ಸ್ಪಷ್ಟವಿಲ್ಲದಾಗ. ಅವಳ ಇಷ್ಟ ನಡೆಸಬೇಕು, ಅವಳಿಗೆ ಕೆಡುಕೂ ಆಗಬಾರದು. ಎರಡೂ ಸರಿ, ಆದರೆ ಎರಡೂ ಒಟ್ಟಿಗೆ ಆಗುವುದಿಲ್ಲ. ಆಗ ಒಳ್ಳೆಯ ಕೌನ್ಸೆಲರ್ ಒಬ್ಬರೇ ತೀರ್ಮಾನ ಮಾಡುವುದಿಲ್ಲ. ಹೆಸರು ಹೇಳದೆ ಅನುಭವಿಗಳೊಬ್ಬರನ್ನು ಕೇಳುತ್ತಾರೆ, ಕಾರಣ ಬರೆದಿಡುತ್ತಾರೆ. ಮನೆಯವರಿಗೆ ತಿಳಿಸಲೇಬೇಕು ಎನ್ನಿಸಿದರೆ, "ಅಮ್ಮನಿಗೆ ಇದನ್ನು ಹೇಳಬೇಕಾಗಿದೆ, ನೀನೇ ಹೇಳ್ತೀಯಾ, ಇಬ್ಬರೂ ಸೇರಿ ಹೇಳೋಣವಾ?" ಎಂದು ಮೊದಲು ಹುಡುಗಿಯನ್ನೇ ಕೇಳುತ್ತಾರೆ. ಅವಳ ಬೆನ್ನ ಹಿಂದೆ ಫೋನ್ ಮಾಡುವುದಿಲ್ಲ.

ನನಗೆ ನಿಜವಾಗಿ ಕಳವಳ ತಂದದ್ದು ಪತ್ರದಲ್ಲಿ ನೀವು ಹಾಗೇ ಹೇಳಿ ಮುಂದೆ ಹೋದ ಮಾತು. ಪಾಠ ಮಾಡುವವರೇ ಕೌನ್ಸೆಲರ್. ಇಂಟರ್ನಲ್ ಮಾರ್ಕ್ಸ್ ಕೊಡುವವರ ಎದುರು ಹದಿನೇಳರ ಹುಡುಗಿ ಎಲ್ಲವನ್ನೂ ಹೇಳುತ್ತಾಳಾ? ಬೆಳಗ್ಗೆ ಕ್ಲಾಸಿನಲ್ಲಿ ಅವರ ಮುಖ ನೋಡಿ ಕೂರುವುದು ಅವಳಿಗೆ ಹೇಗಿರುತ್ತದೆ? ಒಬ್ಬರೇ ಎರಡು ಪಾತ್ರ ವಹಿಸಬಾರದು ಎನ್ನುವುದು ಈ ವೃತ್ತಿಯ ಮುಖ್ಯ ನಿಯಮಗಳಲ್ಲಿ ಒಂದು. ಮೇಡಂ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಇದು ಕಾಲೇಜು ಸರಿಪಡಿಸಬೇಕಾದ ವಿಷಯ.

ಹಾಗಾಗಿ ಪ್ರಿನ್ಸಿಪಾಲರಿಗೆ ಬರೆಯಿರಿ, ಆದರೆ ದೂರು ಬೇಡ. ಪಾಠಕ್ಕೂ ಮಾರ್ಕ್ಸಿಗೂ ಸಂಬಂಧವಿಲ್ಲದ, ತರಬೇತಿ ಪಡೆದ ಕೌನ್ಸೆಲರ್ ಒಬ್ಬರು ಬೇಕು ಎಂದು ಕೇಳಿ. ಬದಲಾಯಿಸುವುದು ಮಗಳಿಗೆ ಒಪ್ಪಿಗೆಯೇ ಎಂದು ಮೊದಲು ಅವಳನ್ನು ಕೇಳಿ. ಮೇಡಂ ಮೇಲೆ ನಂಬಿಕೆ ಬೆಳೆದಿದ್ದರೆ ದಿಢೀರನೆ ಬಿಡಿಸಬೇಡಿ. ಮೇಡಂ ಅವರನ್ನು ಭೇಟಿಯಾದಾಗ "ಏನು ಹೇಳಿದಳು" ಎನ್ನುವ ಬದಲು "ಮನೆಯಲ್ಲಿ ನಾನು ಏನು ಮಾಡಲಿ, ಏನು ಬಿಡಲಿ" ಎಂದು ಕೇಳಿ ನೋಡಿ. ಅದಕ್ಕೆ ಅವರು ಉತ್ತರ ಕೊಡಬಹುದು. ಊಟ ಕಡಿಮೆಯಾಗಿ ಇಷ್ಟು ದಿನ ಆಗಿರುವುದರಿಂದ ಒಮ್ಮೆ ವೈದ್ಯರಿಗೂ ತೋರಿಸಿ. ಸಾಯುವ ಮಾತು ಅವಳ ಬಾಯಲ್ಲಿ ಬಂದರೆ ಯಾರಿಗೂ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರಿಗೆ ನೀವೂ ಫೋನ್ ಮಾಡಬಹುದು ತಾಯಿ, ನಿಮಗಾಗಿಯೇ.