ಮುಸ್ತಫಾನನ್ನು ಅಪ್ಪನೇ ಕೊಲ್ಲಿಸಿದ್ದು ನಿಜವಾ?

ಒಟ್ಟೊಮನ್ ದೊರೆ ಸುಲೇಮಾನ್ ಸುಲ್ತಾನನ ಕತೆಯ ಟರ್ಕಿ ಸೀರಿಯಲ್‌ನಲ್ಲಿ ಮಗ ಮುಸ್ತಫಾನನ್ನು ಅಪ್ಪನೇ ಕೊಲ್ಲಿಸುವುದು ನಿಜವಾ, ಸುಮ್ನೆ ಸೇರಿಸಿದ್ದಾ ಅಂತ ಕೇಳಿದ್ದೀರಿ. ನಿಜ ಕಣ್ರೀ. 1553ರಲ್ಲಿ ಪರ್ಷಿಯಾ ಮೇಲೆ ದಂಡೆತ್ತಿ ಹೋಗುವಾಗ, ಟರ್ಕಿಯ ಎರೆಗ್ಲಿ ಹತ್ತಿರ, ಸುಲ್ತಾನನ ಡೇರೆಯಲ್ಲೇ ಮುಸ್ತಫಾನ ಕತ್ತು ಬಿಗಿದು ಕೊಂದರು. ಸೈನಿಕರು ರೊಚ್ಚಿಗೆದ್ದರು. ಅವರನ್ನು ಸಮಾಧಾನ ಮಾಡಲು ವಜೀರ ರುಸ್ತುಮನನ್ನು ಕೆಲಸದಿಂದ ತೆಗೆದರು. 1555ಕ್ಕೆ ಮತ್ತೆ ಅದೇ ಕುರ್ಚಿ! ಸುಲ್ತಾನನ ಅಳಿಯ ಅಲ್ವಾ.

ಇದಕ್ಕೆ ಸುಲ್ತಾನನ ಹೆಂಡತಿ ಹುರ್ರೆಮ್ ಒಬ್ಬಳನ್ನೇ ಖಳನಾಯಕಿ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ದೊಡ್ಡ ಮಗನಿಗೇ ಪಟ್ಟ ಅನ್ನೋ ನಿಯಮ ಇರಲಿಲ್ಲ. ಪಟ್ಟಕ್ಕೆ ಬಂದವನು ಉಳಿದ ಅಣ್ಣತಮ್ಮಂದಿರನ್ನು ಮುಗಿಸುವುದು ಹಳೇ ಪದ್ಧತಿ. ಮುಸ್ತಫಾ ಅವಳ ಸವತಿಯ ಮಗ. ಅವನು ಸುಲ್ತಾನನಾದರೆ ಇವಳ ಮಕ್ಕಳ ಗತಿ? ಅಂತಃಪುರದ ಮಾತುಕತೆ, ಕಣ್ಣೀರು ಮಾತ್ರ ಬರೆದವರ ಕಲ್ಪನೆಯೇ ಜಾಸ್ತಿ.

ಕೋಲಾರದವರು ಅಂದಿರಲ್ಲ, ನಮ್ಮ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಕತೆಯೂ ಕಡಿಮೆಯದ್ದಲ್ಲ. 1760ರಲ್ಲಿ ಅವನ ನಂಬಿಕಸ್ಥ ಖಂಡೇರಾವ್ ಅರಮನೆಯವರ ಜೊತೆ ಸೇರಿ ತಿರುಗಿಬಿದ್ದ. ಮರುವರ್ಷ ಹೈದರ್ ಗೆದ್ದು ಅವನನ್ನು ಪಂಜರಕ್ಕೆ ಹಾಕಿಸಿದ. ಇದನ್ನು ಯಾರಾದರೂ ಸೀರಿಯಲ್ ಮಾಡಬಾರದಾ?