‘ಸುಸ್ತು ಸಾರ್’ ಅಂದು ಎದ್ದು ಬಂದೆ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಮೇಡಂ, ನನಗೆ 43 ವರ್ಷ. ಅಂಗನವಾಡಿ ಕಾರ್ಯಕರ್ತೆ. ಎರಡೂವರೆ ಎಕರೆ ತೆಂಗಿನ ತೋಟ ಇದೆ. ಮನೆಯವರು ಒಳ್ಳೆಯವರು. ಮಗ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಡಿಪ್ಲೊಮಾ ಓದುತ್ತಿದ್ದಾನೆ. ಹೇಳಿಕೊಳ್ಳುವಂಥ ಕಷ್ಟ ಯಾವುದೂ ಇಲ್ಲ, ಅದಕ್ಕೇ ಹೇಳೋಕೆ ನಾಚಿಕೆ. ಗೌರಿ ಹಬ್ಬ ಕಳೆದಾಗಿನಿಂದ ನಾನು ನಾನಾಗಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತೆ, ಮತ್ತೆ ನಿದ್ದೆ ಹತ್ತಲ್ಲ. ಮುದ್ದೆ ಗಂಟಲಲ್ಲಿ ಇಳಿಯಲ್ಲ, ರವಿಕೆಗಳೆಲ್ಲ ಸಡಿಲವಾಗಿವೆ. ಮಕ್ಕಳಿಗೆ ಹಾಡು ಹೇಳಿಕೊಡುವಾಗ ಅರ್ಧಕ್ಕೇ ಸಾಲು ಮರೆತುಹೋಗುತ್ತೆ. ಹತ್ತಿರದ ಕ್ಲಿನಿಕ್ಕಿಗೆ ಮೂರು ಸಲ ಹೋದೆ. ಡಾಕ್ಟರು ‘ಏನಮ್ಮ ತೊಂದರೆ?’ ಅಂದ ತಕ್ಷಣ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆಲ್ಲ ಒಳಗೇ ಉಳಿದು ‘ಸುಸ್ತು ಸಾರ್’ ಅಂತಷ್ಟೇ ಬಾಯಿಗೆ ಬಂತು. ಬಿ.ಪಿ. ನೋಡಿ, ಗ್ಲೂಕೋಸ್ ಹಾಕಿ, ಗ್ಯಾಸ್ಟ್ರಿಕ್ ಮಾತ್ರೆ, ಶಕ್ತಿ ಮಾತ್ರೆ ಬರೆದರು. ಅಲ್ಲಿನ ಕಾಂಪೌಂಡರು ನಮ್ಮ ಮನೆಯವರ ಕಡೆ ನೆಂಟರು, ಅವರೆದುರು ಏನು ಹೇಳಲಿ? ಅತ್ತೆ ಗಾಳಿ ಸೋಕಿದೆ ಅಂತ ಯಂತ್ರ ಕಟ್ಟಿಸಿದ್ದಾರೆ. ಒಂದೊಂದು ರಾತ್ರಿ, ಬೆಳಗ್ಗೆ ಎಚ್ಚರವೇ ಆಗದಿದ್ದರೆ ಎಷ್ಟು ಚೆನ್ನ ಅನ್ನಿಸುತ್ತೆ. ಇದು ಡಿಪ್ರೆಶನ್ನಾ? ಹೌದಾದರೆ ಡಾಕ್ಟರಿಗೆ ಏನಂತ ಹೇಳಲಿ? ನಿದ್ದೆ ಮಾತ್ರೆ ಕೊಟ್ಟು ಅದರ ಚಟ ಹತ್ತಿಸಿಬಿಡುತ್ತಾರೆ ಅಂತ ಭಯ.
— ಹೆಸರು ಬೇಡ, ಅರಸೀಕೆರೆ ತಾಲ್ಲೂಕು

ಉತ್ತರ: ತಂಗಿ, ನಿಮ್ಮ ಕಾಗದದ ಕೊನೆಯಲ್ಲಿರುವ ಒಂದು ಸಾಲಿನಿಂದ ಶುರು ಮಾಡುತ್ತೇನೆ. ‘ಬೆಳಗ್ಗೆ ಎಚ್ಚರವೇ ಆಗದಿದ್ದರೆ ಚೆನ್ನ’ ಎಂಬುದನ್ನು ಅತ್ತೆಯ ಯಂತ್ರಕ್ಕೂ ನಿದ್ದೆ ಮಾತ್ರೆಗೂ ನಡುವೆ ಸೇರಿಸಿ ದಾಟಿಬಿಟ್ಟಿದ್ದೀರಿ. ನನಗೆ ದಾಟಲಾಗಲಿಲ್ಲ. ಮನಸ್ಸು ತೀರ ಬಳಲಿದಾಗ ಇಂಥ ಯೋಚನೆ ಬರುತ್ತದೆ, ಬಂದದ್ದು ನಿಮ್ಮ ತಪ್ಪಲ್ಲ. ಆದರೆ ಅದು ‘ಹೀಗೆ ಮಾಡಿಕೊಂಡುಬಿಡಲೇ’ ಎನ್ನುವ ಕಡೆಗೆ ಒಂದು ಹೆಜ್ಜೆ ಹೊರಳಿದರೂ ಕ್ಲಿನಿಕ್ಕಿನ ಹೊತ್ತಿಗೆ ಕಾಯಬೇಡಿ. ಮನೆಯವರನ್ನು ಎಬ್ಬಿಸಿ ಹೇಳಿ, ಆಸ್ಪತ್ರೆಗೆ ಹೋಗಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರಿನಲ್ಲಿ ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗೆ ಎಚ್ಚರವಾಗುವ ಆ ಮೂರು ಗಂಟೆಯಲ್ಲೂ ಅಲ್ಲಿ ಎಚ್ಚರವಿರುವವರೊಬ್ಬರು ಇರುತ್ತಾರೆ. ಇನ್ನೊಂದು ಮಾತು: ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇವತ್ತೇ ಮನೆಯವರಿಗೆ ಹೇಳಿ ಹೊರಗೆಲ್ಲಾದರೂ ಇಟ್ಟು ಬೀಗ ಹಾಕಿಸಿ, ಕೀಲಿ ಅವರ ಹತ್ತಿರವೇ ಇರಲಿ. ಯಾಕೆ ಅಂತ ಅವರು ಕೇಳಿದರೆ, ಈ ಪತ್ರಿಕೆ ಕೈಗೆ ಕೊಡಿ.

ಈಗ ನಿಮ್ಮ ‘ಸುಸ್ತು ಸಾರ್’.

ನಾನು 31 ವರ್ಷ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೂತವಳು. ಮನೋವೈದ್ಯೆ ಅಲ್ಲ, ಜ್ವರ ಕೆಮ್ಮಿನಿಂದ ಹಿಡಿದು ಹೆರಿಗೆವರೆಗೆ ನೋಡಿದ ಸಾಮಾನ್ಯ ಡಾಕ್ಟರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹೆಂಗಸು ಎದೆಉರಿ ಅಂತ ಬರುತ್ತಿದ್ದರು. ಐದು ಸಲ ಬಂದರು, ಐದು ಸಲವೂ ನಾನು ಗ್ಯಾಸ್ಟ್ರಿಕ್ ಮಾತ್ರೆಯನ್ನೇ ಬರೆದೆ. ಹೊರಗೆ ಎಂಬತ್ತು ಜನರ ಸಾಲು, ಒಬ್ಬೊಬ್ಬರಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಆರನೇ ಸಲ ನಮ್ಮ ಸಿಸ್ಟರ್ ಒಳಗೆ ಬಂದು, ‘ಮೇಡಂ, ಆಯಮ್ಮ ಪ್ರತಿ ಸಲ ಚೀಟಿ ಹಿಡ್ಕೊಂಡು ಹೊರಗಿನ ಬೆಂಚಿನ ಮೇಲೆ ಕೂತು ಅಳ್ತಾರೆ, ಆಮೇಲೆ ಬಸ್ಸಿಗೆ ಹೋಗ್ತಾರೆ’ ಅಂದರು. ಆವತ್ತು ಆಕೆಯನ್ನು ವಾಪಸ್ ಕರೆಸಿ, ‘ಮನಸ್ಸು ಹೇಗಿದೆ ತಾಯಿ?’ ಅಂತ ಕೇಳಿದೆ. ಅಷ್ಟೇ ಕೇಳಿದ್ದು. ಅವರು ಅರ್ಧ ಗಂಟೆ ಅತ್ತರು. ನಾನು ಐದು ಸಲ ಕೇಳದೇ ಬಿಟ್ಟ ಪ್ರಶ್ನೆ ಅದು. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ.

ಇದನ್ನು ಹೇಳಿದ್ದು ಯಾಕೆಂದರೆ, ನಿಮ್ಮ ಡಾಕ್ಟರು ಕೆಟ್ಟವರು ಅಂದುಕೊಳ್ಳಬೇಡಿ. ಸುಸ್ತು ಅನ್ನುವ ಮಾತು ಕಿವಿಗೆ ಬಿದ್ದರೆ ನಮ್ಮ ತಲೆ ರಕ್ತ, ಸಕ್ಕರೆ, ಬಿ.ಪಿ. ಕಡೆಗೇ ಓಡುತ್ತದೆ. ಕೈ ಪೆನ್ನಿಗೆ ಹೋಗುವುದರೊಳಗೆ ಸರಿಯಾದ ಮಾತು ಕಿವಿಗೆ ಬೀಳಬೇಕು. ಆದ್ದರಿಂದ ಮೊದಲನೇ ಮಾತಿಗೇ ಮನಸ್ಸಿನ ಸುದ್ದಿ ತೆಗೆಯಿರಿ. ಎದ್ದು ಬಾಗಿಲ ಹತ್ತಿರ ಹೋದ ಮೇಲೆ ‘ಸಾರ್, ಇನ್ನೊಂದು...’ ಅನ್ನುವವರು ಬಹಳ ಜನ. ಅಷ್ಟರಲ್ಲಿ ಮುಂದಿನವರು ಒಳಗೆ ಬಂದಿರುತ್ತಾರೆ.

ಡಿಪ್ರೆಶನ್ ಎಂಬ ಪದ ಹೇಳಲೇಬೇಕೆಂದಿಲ್ಲ, ಅದನ್ನು ತೀರ್ಮಾನಿಸುವುದು ಅವರ ಕೆಲಸ. ನೀವು ನನಗೆ ಬರೆದದ್ದನ್ನೇ ಹೇಳಿದರೆ ಸಾಕು. ‘ಸಾರ್, ಎರಡು ತಿಂಗಳಿಂದ ಮನಸ್ಸು ಮಂಕಾಗಿದೆ. ಯಾವುದರಲ್ಲೂ ಆಸಕ್ತಿ ಇಲ್ಲ. ಮೂರು ಗಂಟೆಗೆ ಎಚ್ಚರ ಆಗುತ್ತೆ. ಊಟ ಸೇರಲ್ಲ, ತೂಕ ಇಳಿದಿದೆ. ಹಾಡಿನ ಸಾಲು ಮರೆತುಹೋಗುತ್ತೆ. ಬದುಕೇ ಬೇಡ ಅನ್ನಿಸುತ್ತೆ.’ ಇಷ್ಟು ಹೇಳೋಕೆ ಒಂದು ನಿಮಿಷ ಬೇಡ. ಬಾಯಿಗೆ ಬರುವುದಿಲ್ಲ ಅನ್ನಿಸಿದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೇಜಿನ ಮೇಲಿಡಿ. ದಿನವೂ ಮಕ್ಕಳ ಹಾಜರಿ ಬರೆಯುವ ಕೈ ನಿಮ್ಮದು. ಚೀಟಿ ಕೊಟ್ಟರು ಅಂತ ನಾನು ಯಾರನ್ನೂ ಬೈದದ್ದಿಲ್ಲ, ನನ್ನ ಕೆಲಸ ಹಗುರಾಯಿತು ಅಂದುಕೊಂಡಿದ್ದೇನೆ.

ಆ ಚೀಟಿಯಲ್ಲಿ ಇನ್ನೂ ಕೆಲವು ವಿಷಯ ಇರಲಿ. ಮುಟ್ಟಿನಲ್ಲಿ ಏರುಪೇರಾಗಿದೆಯೇ (ನಿಮ್ಮ ವಯಸ್ಸಿನಲ್ಲಿ ಇದು ಮುಖ್ಯ), ಈಗ ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ, ತವರಿನಲ್ಲಿ ಯಾರಿಗಾದರೂ ಹೀಗೆ ಆಗಿತ್ತೇ, ಹಿಂದೆ ಯಾವಾಗಲಾದರೂ ಇದಕ್ಕೆ ತೀರ ಉಲ್ಟಾ ಆಗಿ ದಿನಗಟ್ಟಲೆ ನಿದ್ದೆಯೇ ಬೇಡ ಎನ್ನುವಷ್ಟು ಉತ್ಸಾಹ, ಮಿತಿಮೀರಿದ ಮಾತು, ಕೈಬಿಚ್ಚಿ ಖರ್ಚು ಇತ್ತೇ. ಈ ಕೊನೆಯದನ್ನು ಡಾಕ್ಟರು ಕೇಳದಿದ್ದರೂ ಹೇಳಿ. ಹಾಗಿದ್ದವರಿಗೆ ಕೊಡುವ ಔಷಧವೇ ಬೇರೆ.

ಇದು ಡಿಪ್ರೆಶನ್ನಾ ಅಂತ ಕೇಳಿದ್ದೀರಿ. ಕಾಗದ ನೋಡಿ ಕಾಯಿಲೆಗೆ ಹೆಸರಿಡುವುದು ಸರಿಯಲ್ಲ, ಆದರೆ ನೀವು ಬರೆದದ್ದು ಓದಿದರೆ ನನಗೆ ಅದೇ ಗುಮಾನಿ. ಬೇಸರ ಎಲ್ಲರಿಗೂ ಬರುತ್ತದೆ, ಎರಡು ದಿನ ಇದ್ದು ಹೋಗುತ್ತದೆ. ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಇವೆರಡರಲ್ಲಿ ಒಂದಾದರೂ ಹೆಚ್ಚುಕಮ್ಮಿ ದಿನವಿಡೀ, ಪ್ರತಿದಿನ, ಎರಡು ವಾರ ಬಿಡದೆ ಇದ್ದು, ಜೊತೆಗೆ ನಿದ್ದೆ, ಹಸಿವು, ಗಮನ, ಶಕ್ತಿ ಇವೆಲ್ಲ ಕೆಟ್ಟಿದ್ದರೆ ಅದನ್ನು ಕಾಯಿಲೆಯಾಗಿಯೇ ನೋಡಬೇಕು. ನಿಮಗೆ ಎರಡು ತಿಂಗಳಾಗಿದೆ. ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದಂತೂ ಈ ಕಾಯಿಲೆಯಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತು. ಕಷ್ಟವೇನೂ ಇಲ್ಲ ಅಂತ ನಾಚಿಕೆಪಡುತ್ತೀರಲ್ಲ, ತೋಟ ಇದ್ದವರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲವೇ? ಇದೂ ಕಾರಣ ಹುಡುಕಿಕೊಂಡೇ ಬರಬೇಕೆಂದಿಲ್ಲ.

ಡಾಕ್ಟರು ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಕೊಡಬಹುದು, ಇಲ್ಲವೇ ತಾವೇ ಓದಿ ಕೇಳಬಹುದು. ಪಿ.ಎಚ್.ಕ್ಯೂ. 9 ಅಂತ ಅದರ ಹೆಸರು. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಹೀಗಾಗಿತ್ತು ಅನ್ನುವುದಕ್ಕೆ ಸೊನ್ನೆಯಿಂದ 3ರವರೆಗೆ ಅಂಕ, ಎಲ್ಲ ಸೇರಿ 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನಾವು ಇನ್ನಷ್ಟು ಕೂಲಂಕಷವಾಗಿ ವಿಚಾರಿಸುತ್ತೇವೆ. ನೀವು ಮಕ್ಕಳ ತೂಕವನ್ನು ತಿಂಗಳು ತಿಂಗಳು ನೋಡುವ ಹಾಗೆ ಇದನ್ನೂ ಮತ್ತೆ ಮತ್ತೆ ನೋಡುತ್ತಾರೆ, ಔಷಧ ಹಿಡಿಯುತ್ತಿದೆಯೇ ಅಂತ ಅದರಲ್ಲಿ ಗೊತ್ತಾಗುತ್ತದೆ. ಅದರ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆ ಕುರಿತದ್ದು. ಅಲ್ಲಿ ಮಾತ್ರ ದಯವಿಟ್ಟು ಸೊನ್ನೆ ಹಾಕಬೇಡಿ. ಇದ್ದದ್ದು ಇದ್ದಹಾಗೆ ಹೇಳಿ. ಆ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಮನೆಗಳಲ್ಲಿ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದವರ ಮುಂದೆ ಹೇಳಿಕೊಂಡು ಉಸಿರುಬಿಟ್ಟವರನ್ನೇ ನಾನು ಕಂಡಿದ್ದೇನೆ.

ರಕ್ತ ಪರೀಕ್ಷೆ ಬರೆದರೆ ಮಾಡಿಸಿ. ಥೈರಾಯ್ಡ್ ಕಡಿಮೆಯಾದರೆ, ರಕ್ತ ಕಡಿಮೆಯಿದ್ದರೆ, ಬಿ12 ಕೊರತೆಯಾದರೆ ಹೀಗೇ ಆಗಬಹುದು. ಬರೆಯದಿದ್ದರೆ ‘ಥೈರಾಯ್ಡ್ ನೋಡಬಹುದಾ ಸಾರ್?’ ಅಂತ ನೀವೇ ಕೇಳಿ. ಆದರೆ ರಿಪೋರ್ಟು ನಾರ್ಮಲ್ ಬಂದರೆ ನಿಮಗೇನೂ ಆಗಿಲ್ಲ ಅಂತ ಅರ್ಥವಲ್ಲ. ‘ಎಲ್ಲ ಸರಿಯಾಗಿದೆ, ಸುಮ್ಮನೆ ಯೋಚನೆ ಮಾಡಬೇಡಿ’ ಅನ್ನುವ ಮಾತು ರೋಗಿಯನ್ನು ಎಷ್ಟು ಒಂಟಿಯಾಗಿಸುತ್ತದೆ ಅಂತ ನಮ್ಮ ವೃತ್ತಿಯವರಿಗೆ ಇನ್ನೂ ಪೂರ್ತಿ ಗೊತ್ತಾಗಿಲ್ಲ.

ಕಾಂಪೌಂಡರ ವಿಷಯ. ರೋಗಿಗಳು ಕಡಿಮೆಯಾಗುವ ಹೊತ್ತು ನೋಡಿಕೊಂಡು ಹೋಗಿ, ಒಳಗೆ ಹೋದ ತಕ್ಷಣ ‘ಸಾರ್, ನಿಮ್ಮ ಹತ್ತಿರ ಒಬ್ಬರೇ ಮಾತಾಡಬೇಕಿತ್ತು’ ಅನ್ನಿ. ಗಂಡಸು ಡಾಕ್ಟರಾದರೆ ಒಬ್ಬರು ಸಿಸ್ಟರ್ ಇರಲಿ ಅನ್ನಬಹುದು, ನೆಂಟರು ಇರಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ನಿಮ್ಮ ಚಿಕಿತ್ಸೆಯ ಗುಟ್ಟು ಕಾಯುವುದು ನಿಮ್ಮ ಹಕ್ಕು. ಜೀವಕ್ಕೆ ಅಪಾಯ ಇದೆ ಅನ್ನಿಸಿದಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಬೇಕಾದಷ್ಟನ್ನು ಹೇಳಲು ಅವಕಾಶವಿದೆ. ಅಲ್ಲಿ ಬಾಯಿಬಿಡಲು ಸಾಧ್ಯವೇ ಇಲ್ಲ ಅನ್ನಿಸಿದರೆ ಅಲ್ಲಿಗೆ ಹೋಗಲೇಬೇಡಿ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬಂದು ನೋಡುವ ಮನೋಚೈತನ್ಯ ಕ್ಲಿನಿಕ್ ಇದೆ, ಸಾಮಾನ್ಯವಾಗಿ ಮಂಗಳವಾರ. ನಿಮಗೆ ಪರಿಚಯದ ಆಶಾ ಕಾರ್ಯಕರ್ತೆಯರು ಇದ್ದೇ ಇರುತ್ತಾರೆ, ಯಾವ ದಿನ ಅಂತ ಕೇಳಿಕೊಂಡು ಹೋಗಿ. ಯಾರಿಗೂ ಗೊತ್ತಾಗಬಾರದು ಅಂದರೆ ಮಗನನ್ನು ನೋಡಲು ಹಾಸನಕ್ಕೆ ಹೋಗುತ್ತೀರಲ್ಲ, ಅಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಈ ಕಾಯಿಲೆಗೆ ನಿಮ್ಹಾನ್ಸ್‌ಗೇ ಹೋಗಬೇಕು ಅಂತ ತುಂಬ ಜನ ತಿಳಿದಿದ್ದಾರೆ. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ ಕೊಟ್ಟರೆ ಊರಲ್ಲೇ ಚಿಕಿತ್ಸೆ ಕೊಡಬಹುದು ಅಂತ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದವರು ಆ ನಿಮ್ಹಾನ್ಸ್‌ನವರೇ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ನಿದ್ದೆ ಮಾತ್ರೆಯ ಭಯ ನಿಮ್ಮೊಬ್ಬರದಲ್ಲ, ಪೂರ್ತಿ ಸುಳ್ಳೂ ಅಲ್ಲ. ಆಲ್‌ಪ್ರಜೋಲಾಮ್‌ನಂಥ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಅಭ್ಯಾಸವಾಗುತ್ತದೆ. ಕೊಟ್ಟರೂ ಕೆಲವೇ ದಿನಕ್ಕೆ ಕೊಡಬೇಕು, ಎಷ್ಟು ದಿನ ಅಂತ ಕೇಳಿ ತಿಳಿದುಕೊಳ್ಳಿ. ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್ ಮೊದಲಾದವು ಬೇರೆ ಜಾತಿಯವು, ಅವಕ್ಕೆ ಚಟ ಹತ್ತುವುದಿಲ್ಲ. ಆದರೆ ಇವತ್ತು ನುಂಗಿದರೆ ನಾಳೆ ಗುಣ ಕಾಣುವುದಿಲ್ಲ, ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಿದಂತೆ ಆಗಬಹುದು, ತಲೆನೋವು, ಸ್ವಲ್ಪ ಚಡಪಡಿಕೆ ಬರಬಹುದು. ಇಲ್ಲೇ ಬಹಳ ಜನ ‘ಮಾತ್ರೆ ನನಗೆ ಆಗಿಬರಲ್ಲ’ ಅಂತ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಡಾಕ್ಟರಿಗೆ ಹೇಳಿ. ಚಡಪಡಿಕೆ ಜೋರಾದರೆ ಅಥವಾ ಸಾವಿನ ಯೋಚನೆ ಹೆಚ್ಚಾದರೆ ಅದೇ ದಿನ ಹೇಳಿ. ಹಾಯೆನಿಸಿದ ಮೇಲೂ ಆರೇಳು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ, ನಿಲ್ಲಿಸುವಾಗ ಅವರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಕಾಯಿಲೆ ಸಣ್ಣದಾಗಿದ್ದರೆ ಮಾತ್ರೆಯೇ ಬೇಡ, ಕೌನ್ಸೆಲಿಂಗ್‌ನಲ್ಲೇ ಸರಿಹೋಗಬಹುದು ಅಂತಲೂ ಅವರು ಹೇಳಬಹುದು.

ಅತ್ತೆಯ ಯಂತ್ರ ಇರಲಿ, ಜಗಳ ಬೇಡ. ಅವರಿಗೆ ನಿಮ್ಮ ಮೇಲೆ ಕಾಳಜಿ ಇರುವುದಕ್ಕೇ ಕಟ್ಟಿಸಿದ್ದು. ಅದೂ ಇರಲಿ, ಮಾತ್ರೆಯೂ ಇರಲಿ. ಮನೆಯವರನ್ನು ಒಳ್ಳೆಯವರು ಅಂತ ಬರೆದಿದ್ದೀರಿ. ಹಾಗಾದರೆ ಒಬ್ಬರೇ ಹೋಗಿ ಮಾತಾಡಿದ ಮೇಲೆ ಅವರನ್ನೂ ಒಳಗೆ ಕರೆಸಿ, ಡಾಕ್ಟರ ಬಾಯಿಂದಲೇ ಕೇಳಲಿ. ಮೂರು ವಾರದ ಮೇಲೆ ಏನಾಯಿತು ಅಂತ ನನಗೆ ಒಂದು ಕಾರ್ಡು ಬರೆಯಿರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ನಮ್ಮ ಅಪ್ಪಗ 68 ವರ್ಷರಿ. ರೈಲ್ವೆದಾಗ ಕೆಲಸ ಮಾಡಿ ನಿವೃತ್ತಿ ಆಗ್ಯಾರ. ಆರು ತಿಂಗಳಿಂದ ಗೆಳೆಯರ ಕೂಡ ಕಟ್ಟಿಗೆ ಕೂಡೂದು ಬಿಟ್ಟಾರ, ರೊಟ್ಟಿ ಒಂದೂ ತಿನ್ನೂದಿಲ್ಲ, ಮಾತು ಮರೀತಾರ. ಡಾಕ್ಟರ ಕಡೆ ಹೋದ್ರ ‘ವಯಸ್ಸಾತಲ್ಲ’ ಅಂತಾರ. ಹೌದೇನ್ರಿ?
— ಹುಬ್ಬಳ್ಳಿ

ಉತ್ತರ: 68 ಊಟ ಬಿಡುವ ವಯಸ್ಸಲ್ಲ. ಹಿರಿಯರಲ್ಲಿ ಖಿನ್ನತೆ ಹಲವು ಸಲ ಅಳುವಾಗಿ ಕಾಣಿಸಿಕೊಳ್ಳುವುದಿಲ್ಲ, ಮರೆವಾಗಿ, ಮೌನವಾಗಿ, ಮೈಕೈ ನೋವಾಗಿ ಬರುತ್ತದೆ. ನಿಜವಾದ ಮರೆವಿನ ಕಾಯಿಲೆಯೂ ಇರಬಹುದು, ಎರಡನ್ನೂ ಬೇರ್ಪಡಿಸಿ ನೋಡಬೇಕು. ನಿಮಗೆ ಧಾರವಾಡದ ಡಿಮ್ಹಾನ್ಸ್ (ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ) ಹತ್ತಿರ, ಕರೆದುಕೊಂಡು ಹೋಗಿ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ. ‘ವಯಸ್ಸಾಯಿತು’ ಅಂದರೆ, ‘ಆರು ತಿಂಗಳ ಹಿಂದೆ ಹೀಗಿರಲಿಲ್ಲ’ ಅಂತ ಗಟ್ಟಿಯಾಗಿ ಹೇಳಿ, ಕಟ್ಟೆಯ ಸಂಗತಿಯನ್ನೂ ಹೇಳಿ. ಆಮೇಲೆ ನೀವು ಸುಮ್ಮನಿರಿ. ಡಾಕ್ಟರು ಕೇಳಿದ್ದಕ್ಕೆ ಅಪ್ಪನೇ ಉತ್ತರ ಕೊಡಲಿ. ತಡವಾಗುತ್ತದೆ, ತಡವಾದರೂ ನಡುವೆ ಬಾಯಿ ಹಾಕಬೇಡಿ.